ಮುಚ್ಚಳ ತೆಗೆದೆಯಾ?

ಆ ಮನೆಯಲ್ಲಿ ಯಾರು ಯಾವ ಕೆಲಸಕ್ಕೆ ಕೈಹಾಕಿದರೂ ಮಾವ ಕೇಳುವ ಪ್ರಶ್ನೆ ಒಂದೇ: “ಮುಚ್ಚಳ ತೆಗೆದೆಯಾ?” ಸೊಸೆ ಒಲೆ ಹಚ್ಚಿದರೂ ಅದೇ, ಮಗ ಲಿಫ್ಟ್ ರಿಪೇರಿಯ ಚೀಲ ಹೆಗಲಿಗೇರಿಸಿದರೂ ಅದೇ. ಹೊಸಬರು ಕೇಳಿದರೆ ಮುದುಕನ ತಲೆ ನೆಟ್ಟಗಿಲ್ಲ ಅಂದುಕೊಳ್ಳಬೇಕು. ಅಸಲು ಸಂಗತಿ ಬೇರೆ. ಮಾವ ತಮ್ಮ ಕೈಯಾರೆ ದೂರದರ್ಶಕ ಕಟ್ಟಿ ಮುಗಿಸಿದ ಮೊದಲ ಸಂಜೆ ಅದರ ಬಾಯಿಗೆ ಹಾಕಿದ್ದ ಮುಚ್ಚಳ ತೆಗೆಯುವುದನ್ನೇ ಮರೆತಿದ್ದರು. ಬಗ್ಗಿದರು, ಎದ್ದರು, ತಿರುಪು ತಿರುಗಿಸಿದರು, ಕನ್ನಡಕ ಒರೆಸಿದರು, ಕೊನೆಗೆ “ಇವತ್ತು ಆಕಾಶವೇ ಸರಿ ಇಲ್ಲ” ಎಂದು ತೀರ್ಪು ಕೊಟ್ಟರು. ಅಡುಗೆಮನೆಯ ದೊಡ್ಡ ಪಾತ್ರೆಯ ಮುಚ್ಚಳ ಎಲ್ಲಿ ಹೋಯಿತೆಂದು ಹುಡುಕಿಕೊಂಡು ಮಹಡಿಗೆ ಬಂದ ಸೊಸೆ ಅದನ್ನು ಕೊಳವೆಯ ಬಾಯಿಂದ ಕಿತ್ತು ಅವರ ಮುಖದ ಮುಂದೆ ಹಿಡಿದಳು. ಅಂದಿನಿಂದ ಆ ಪ್ರಶ್ನೆ ಮನೆಯವರೆಲ್ಲರ ಮೇಲೂ ಬಿತ್ತು. ತಮ್ಮನ್ನು ತಾವೇ ಆಡಿಕೊಂಡು ನಗುವ ಕಲೆಯಲ್ಲಿ ಮಾವನದು ಎತ್ತಿದ ಕೈ.

ಮಾವ ಕನ್ನಡಿ ಅಂಗಡಿಯಲ್ಲಿ ಗಾಜು ಕೊಯ್ಯುತ್ತಿದ್ದವರು. ಹರೆಯದಲ್ಲೇ ಒಂದು ಚೂರು ಸಿಡಿದು ಎಡಗಣ್ಣನ್ನು ತಿಂದುಹಾಕಿತ್ತು. ಅತ್ತೆ ತೀರಿಕೊಂಡ ಮೇಲೆ ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆಂದು, ಊಟದ ತಟ್ಟೆಯಗಲದ ಎರಡು ದಪ್ಪ ಗಾಜು ತಂದು, ನಡುವೆ ಮರಳಿನಂಥ ಪುಡಿ ಹಾಕಿ, ಒಂದರ ಮೇಲೊಂದಿಟ್ಟು ಉಜ್ಜಲು ಶುರುಮಾಡಿದರು. ವರ್ಷಗಟ್ಟಲೆ ಉಜ್ಜಿದರು. ಆ ಕರಕರ ಸದ್ದಿಗೆ ಹಲ್ಲು ಜುಮ್ಮೆಂದು ಸೊಸೆ ಮೊದಮೊದಲು ಮುಖ ಸಿಂಡರಿಸುತ್ತಿದ್ದಳು. ಆಮೇಲಾಮೇಲೆ ಆ ಸದ್ದಿಲ್ಲದಿದ್ದರೆ ಅವಳಿಗೇ ನಿದ್ದೆ ಬರುತ್ತಿರಲಿಲ್ಲ. ಹಾಗೆ ಹುಟ್ಟಿದ್ದು ದೂರದರ್ಶಕದ ಕನ್ನಡಿ. ಆಕಾಶ ಸರಿದಂತೆ ಕೊಳವೆಯೂ ತಾನಾಗಿ ಸರಿಯಲೆಂದು ಮಗ ಅದರ ಕಾಲಿಗೊಂದು ಹಳೇ ಮೋಟಾರು ಕೂರಿಸಿಕೊಟ್ಟಿದ್ದ. ಕೊಳವೆಯ ಬಾಯಲ್ಲಿ ಇನ್ನೊಂದು ಪುಟ್ಟ ಕನ್ನಡಿಯನ್ನು ನಿಲ್ಲಿಸಲು ಹಳೇ ಸೈಕಲ್ಲಿನ ಮೂರು ಕಡ್ಡಿ ಬಳಸಿದ್ದರು. ಅದರಲ್ಲೊಂದು ತುಸು ಸೊಟ್ಟ. ಮಗ ಅದನ್ನು ನೆಟ್ಟಗೆ ಮಾಡಲು ಹೋದಾಗ “ಮುಟ್ಟಿದ್ರೆ ಕೈ ಮುರೀತೀನಿ” ಎಂದು ಗದರಿಸಿದ್ದರು.

ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಪಟ. ಬೇಟೆಗಾರನ ನಕ್ಷತ್ರಪುಂಜದಲ್ಲಿ, ಸೊಂಟಪಟ್ಟಿಯ ಕೆಳಗೆ ತೂಗುವ ಕತ್ತಿಯ ನಡುವೆ, ಒಂದು ನೀಹಾರಿಕೆ ಇದೆ. ಅಲ್ಲಿನ ಅನಿಲ ಮತ್ತು ದೂಳು ಮುದ್ದೆಗಟ್ಟಿ ಹೊಸ ನಕ್ಷತ್ರಗಳಾಗುತ್ತವೆ. ಕಣ್ಣಿಟ್ಟು ನೋಡಿದರೆ ಏನೂ ವಿಶೇಷವಿಲ್ಲ, ಒಲೆಕಟ್ಟೆ ಒರೆಸಿದ ಬಟ್ಟೆಯ ಬೂದು ಗುರುತಿನಂತೆ ಕಾಣುತ್ತದೆ.

“ಬೂದಿ ಬಣ್ಣ ನಮ್ಮ ಕಣ್ಣಿಂದು ಕಣೇ, ಅದರದ್ದಲ್ಲ,” ಎಂದು ಮಾವ ಹೇಳುತ್ತಿದ್ದರು. “ಕ್ಯಾಮೆರಾ ಬೆಳಕನ್ನ ಕೂಡಿಹಾಕುತ್ತೆ. ಆಗ ಕೆಂಪು ಮೇಲೆ ಬರುತ್ತೆ. ಅಲ್ಲಿ ಈಗಲೂ ಹುಟ್ತಾ ಇದಾವೆ, ನಾವು ಮಾತಾಡ್ತಿರೋ ಹೊತ್ತಲ್ಲೂ.”

“ಅಂದ್ರೆ ಹೆರಿಗೆ ವಾರ್ಡು ಅನ್ನಿ,” ಎಂದಳು ಸೊಸೆ.

“ಹೂಂ. ವಾರ್ಡಿನ ಬಾಗಿಲಲ್ಲಿ ನಿಂತ್ಕೊಂಡು ಪಟ ತೆಗೀಬೇಕು ಅಂತ ನಂಗಾಸೆ.”

ಕ್ಯಾಮೆರಾ ತಂದವಳು ಸೊಸೆಯೇ. ಅವಳಿಗೆ ಮದುವೆ ಆಲ್ಬಂ ಮುದ್ರಿಸುವ ಲ್ಯಾಬಿನಲ್ಲಿ ಕೆಲಸ. ಬೆಳಗಿಂದ ಸಂಜೆಯವರೆಗೂ ಯಾರದೋ ಮದುಮಗಳ ಕೆನ್ನೆಯ ಬಣ್ಣ ತಿದ್ದುವುದು, ಯಾರದೋ ಚಿಕ್ಕಪ್ಪನ ಬೋಳುತಲೆಯ ಹೊಳಪು ಇಳಿಸುವುದು. ಅಲ್ಲಿ ಹಿಂಬದಿಯ ಪರದೆ ಸತ್ತುಹೋದ ಹಳೇ ಕ್ಯಾಮೆರಾ ಒಂದು ಮೂಲೆ ಸೇರಿತ್ತು. ಮಾಲೀಕ “ತಗೊಂಡು ಹೋಗಿ ಪುಣ್ಯ ಕಟ್ಕೋ” ಎಂದಿದ್ದ. ತೆಗೆದ ಪಟವನ್ನು ಅದರಲ್ಲೇ ನೋಡುವಂತಿಲ್ಲ, ಕೆಳಗೆ ಬಂದು ಕಂಪ್ಯೂಟರಿಗೆ ಹಾಕಬೇಕು. ಆದರೂ ಮಾವನ ಪಾಲಿಗೆ ಅದು ಬಂಗಾರ. ಚಳಿಗಾಲವಿಡೀ ಸಂಜೆ ಸಂಜೆ ಮಹಡಿ ಹತ್ತಿ, ತಾವೇ ಕಣ್ಣಿಟ್ಟು ತಿರುಪು ಹೊಂದಿಸಿ ಪಟ ತೆಗೆದರು.

ಒಂದು ಭಾನುವಾರ ಸೊಸೆ ಕೂತು ಅವನ್ನೆಲ್ಲ ತೆರೆದಳು. ನಕ್ಷತ್ರಗಳು ಚುಕ್ಕಿಗಳಾಗಿರಲಿಲ್ಲ, ನೀರಲ್ಲಿ ನೆನೆದ ಕಾಳಿನ ಹಾಗೆ ಊದಿಕೊಂಡಿದ್ದವು. ದಿನ ಕಳೆದ ಹಾಗೆ ಊತ ಹೆಚ್ಚಾಗಿತ್ತು. ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ. ಅವಳು ದೂರದರ್ಶಕವನ್ನೇ ಅನುಮಾನಿಸಿ, ಮೇಲೆ ಹೋಗಿ ತಾನೇ ಕಣ್ಣಿಟ್ಟು ತಿರುಪು ಹೊಂದಿಸಿ ನೋಡಿದಳು. ನಕ್ಷತ್ರ ಸೂಜಿಮೊನೆಯಷ್ಟು ಚೂಪಾಗಿ ನಿಂತಿತು. ಕನ್ನಡಿಯಲ್ಲಿ ಏನೂ ತೊಂದರೆ ಇರಲಿಲ್ಲ. ಕೆಟ್ಟಿದ್ದು ಮಾವನ ಉಳಿದ ಒಂದೇ ಕಣ್ಣು.

ಕಣ್ಣಿನ ಡಾಕ್ಟರಮ್ಮ ಮಾತು ನುಂಗುವವರಲ್ಲ. “ಕಣ್ಣಿನ ಹಿಂದಿನ ಪದರ ಗೋಡೆ ಬಿಟ್ಟು ಸುಲೀತಾ ಬರ್ತಿದೆ. ಅಂಚಿಂದ ಶುರುವಾಗಿದೆ, ನಡುಭಾಗ ಇನ್ನೂ ಅಂಟಿಕೊಂಡಿದೆ. ಈ ವಾರದಲ್ಲೇ ಆಪರೇಷನ್ ಆಗ್ಬೇಕು. ನಡುಭಾಗ ಬಿಟ್ರೆ ಆಮೇಲೆ ನಾನೇನು ಮಾಡಿದ್ರೂ ಕಷ್ಟ. ಅಲ್ಲಿವರೆಗೂ ಮಲಗಿರಿ, ತಲೆ ಅಲ್ಲಾಡಿಸ್ಬೇಡಿ, ಮೆಟ್ಟಿಲಂತೂ ಹತ್ಲೇಬೇಡಿ.”

“ಆಪರೇಷನ್ ಮಾಡಿದ್ರೆ ಕಣ್ಣು ಬರೋದು ಗ್ಯಾರಂಟಿನಾ?” ಎಂದು ಮಾವ ಕೇಳಿದರು.

“ಗ್ಯಾರಂಟಿ ನಾನು ಕೊಡಲ್ಲ. ಮಾಡದಿದ್ರೆ ಹೋಗೋದು ಮಾತ್ರ ಗ್ಯಾರಂಟಿ.”

ಮನೆಗೆ ಬಂದು ಮಾವ ಹಾಸಿಗೆಯ ಮೇಲೆ ಕೂತು, ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟರು. “ಪಟ ನೋಡಿದ್ಮೇಲೆ ಹೋಗ್ತೀನಿ. ಡಾಕ್ಟರ ಕತ್ತಿ ತಗುಲಿ ಇದೂ ಹೋದ್ರೆ, ಆ ಕೆಂಪನ್ನ ಒಂದ್ಸಲನಾದ್ರೂ ನೋಡಿರ್ಬೇಕು. ನನ್ನ ಕನ್ನಡೀಲಿ ಬಂದಿದ್ದು.”

ಮಗ ಕೂಗಾಡಿದ. “ಅಪ್ಪ, ನಿಂಗೇನು ಮಕ್ಕಳಾಟವಾ ಇದು? ಎತ್ಕೊಂಡು ಹೋಗಿ ಮಲಗಿಸ್ಬಿಡ್ತೀನಿ ನೋಡು!”

“ಎತ್ಕೊಂಡು ಹೋಗು. ಸಹಿ ಯಾರು ಮಾಡ್ತಾರೆ?” ಎಂದು ಮಾವ ಗೋಡೆ ಕಡೆ ಹೊರಳಿದರು. ಆ ಮುದುಕ ಪಟ್ಟು ಹಿಡಿದರೆ ಮುಗಿಯಿತು, ಬೆಟ್ಟವನ್ನಾದರೂ ಸರಿಸಬಹುದು, ಅವರನ್ನಲ್ಲ. ಮಗನಿಗೆ ಸಿಟ್ಟು ಬಂದರೆ ಕೆಲಸಕ್ಕೆ ಹೋಗಿಬಿಡುವ ಅಭ್ಯಾಸ. ಅವನು ಚೀಲ ಎತ್ತಿಕೊಂಡು ಹೋದ. ಸೊಸೆ ಒಬ್ಬಳೇ ಉಳಿದಳು.

ಆಕಾಶ ಬೇರೆ ಅವಳ ಮೇಲೆ ಹಗೆ ಸಾಧಿಸುತ್ತಿತ್ತು. ಚಳಿ ಹಿಂದೆ ಸರಿದಿತ್ತು. ನೀಹಾರಿಕೆ ದಿನದಿಂದ ದಿನಕ್ಕೆ ಪಡುವಣಕ್ಕೆ ಜಾರುತ್ತಿತ್ತು. ಕತ್ತಲಾದ ಮೇಲೆ ಸ್ವಲ್ಪವೇ ಹೊತ್ತು ಕಂಡು, ಎದುರು ಕಟ್ಟಡದ ನೀರಿನ ತೊಟ್ಟಿಯ ಹಿಂದೆ ಮುಳುಗಿಬಿಡುತ್ತಿತ್ತು. ಆ ಸ್ವಲ್ಪ ಹೊತ್ತಿಗೆ ಸರಿಯಾಗಿ ಮೋಡ ಬಂದು ಕೂರುತ್ತಿತ್ತು. ಲ್ಯಾಬಿನಲ್ಲಿ ಅವಳ ಕೈ ಮದುಮಗಳ ಕೆನ್ನೆಯ ಮೇಲಿದ್ದರೆ ಕಣ್ಣು ಕಿಟಕಿಯ ಮೇಲೆ. ಒಂದು ಆಲ್ಬಮ್ಮಿನಲ್ಲಿ ಬೀಗರೆಲ್ಲರ ಮುಖ ಹಸಿರಾಗಿ ಮುದ್ರಣವಾಗಿ ಮಾಲೀಕನ ಬೈಗುಳ ತಿಂದಳು. ಮನೆಗೆ ಬಂದರೆ ಮಾವ ಮಲಗಿದಲ್ಲಿಂದಲೇ ಕೇಳುವರು, “ಏನಂತೆ ಆಕಾಶ?” ಅವಳಿಗೆ ಅಳು ಒತ್ತರಿಸಿ ಬರುತ್ತಿತ್ತು. ಅತ್ತರೆ ಮಾವನಿಗೆ ಕೇಳಿಸುತ್ತದೆಂದು ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಡಾಕ್ಟರಮ್ಮ ಹೇಳಿದ ವಾರ ಮುಗಿಯುವ ಹೊತ್ತಿಗೆ ಒಂದು ಸಂಜೆ ಆಕಾಶ ತೆರೆಯಿತು. ಪೂರ್ತಿ ಅಲ್ಲ, ಅಲ್ಲಲ್ಲಿ. ಸೊಸೆ ಚಪ್ಪಲಿಯನ್ನೂ ಮೆಟ್ಟದೆ ಮಹಡಿಗೆ ಓಡಿದಳು. ದೂರದರ್ಶಕ ಹೊರಗೆಳೆದು, ಒಂದು ಪ್ರಕಾಶಮಾನ ನಕ್ಷತ್ರಕ್ಕೆ ತಿರುಗಿಸಿ, ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟು, ಉಸಿರು ಬಿಗಿಹಿಡಿದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ನಕ್ಷತ್ರವನ್ನು ಸೂಜಿಮೊನೆಗೆ ತಂದಳು. ಆಮೇಲೆ ಕೊಳವೆಯನ್ನು ಬೇಟೆಗಾರನ ಕತ್ತಿಗೆ ಗುರಿಯಿಟ್ಟಳು. ಅಷ್ಟರಲ್ಲಿ ಒಂದು ಮೋಡ ಬಂದು ಎಲ್ಲವನ್ನೂ ನುಂಗಿತು.

ಈ ಕೆಲಸದಲ್ಲಿ ಕತ್ತಲೆ ಪಟ ಅಂತ ಒಂದಿದೆ. ಕ್ಯಾಮೆರಾಕ್ಕೂ ತನ್ನದೇ ಒಂದಿಷ್ಟು ಗಲಾಟೆ ಇರುತ್ತದೆ. ಏನೂ ಇಲ್ಲದ ಕಡೆಯೂ ಅದು ಕೆಂಪು ಹಸಿರು ಚುಕ್ಕಿ ಕಾಣುತ್ತದೆ. ಅದಕ್ಕೆ ಕೊಳವೆಯ ಬಾಯಿ ಮುಚ್ಚಿ ಬರೀ ಕತ್ತಲೆಯದೂ ಒಂದಷ್ಟು ಪಟ ತೆಗೆಯಬೇಕು. ಆ ಗಲಾಟೆಯನ್ನು ಆಮೇಲೆ ನಿಜವಾದ ಪಟದಿಂದ ಕಳೆಯಬೇಕು. ಮೊದಲು ಬೆಳಕು, ಕೊನೆಗೆ ಕತ್ತಲೆ ಎನ್ನುವುದು ಮಾವನ ಕಟ್ಟಪ್ಪಣೆ. ಸೊಸೆ ಮೋಡ ನೋಡಿದಳು. ಸುಮ್ಮನೆ ನಿಂತು ಹೊತ್ತು ಕಳೆಯುವ ಬದಲು ಕತ್ತಲೆ ಪಟಗಳನ್ನು ಈಗಲೇ ಮುಗಿಸಿಬಿಟ್ಟರೆ ಮೋಡ ಸರಿದಾಗ ಇಡೀ ಸಮಯ ನೀಹಾರಿಕೆಗೇ ಸಿಗುತ್ತದೆ. ಬುದ್ಧಿವಂತಿಕೆಯ ಮಾತೇ. ಅವಳು ಪಾತ್ರೆಯ ಮುಚ್ಚಳವನ್ನು ಕೊಳವೆಯ ಬಾಯಿಗೆ ಬಿಗಿಯಾಗಿ ಒತ್ತಿ, ಗುಂಡಿ ಅದುಮಿದಳು. ಕ್ಯಾಮೆರಾ ಒಂದಾದ ಮೇಲೊಂದು ಪಟವನ್ನು ತಾನೇ ತೆಗೆಯತೊಡಗಿತು.

ಆಗ ಕೆಳಗಿನಿಂದ ಮಾವನ ಕೂಗು ಕೇಳಿತು. ಅವರು ಹಾಗೆ ಕೂಗಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಕೆಳಗೆ ಓಡಿದಳು.

ಮಾವ ಹಾಸಿಗೆಯಲ್ಲಿ ಎದ್ದು ಕೂತು ಗಾಳಿಯಲ್ಲಿ ಏನನ್ನೋ ಸರಿಸುತ್ತಿದ್ದರು. “ಪರದೆ ಇಳೀತಾ ಇದೆ ಕಣೇ. ಮೇಲಿಂದ. ಬಾಗಿಲ ಚೌಕಟ್ಟಿನ ತಲೆ ಕಾಣ್ತಿಲ್ಲ.”

“ಆಸ್ಪತ್ರೆಗೆ ಹೋಗೋಣ ಮಾವ. ಈಗಲೇ. ನಿಮ್ಮ ಕಾಲು ಹಿಡ್ಕೋತೀನಿ.”

“ಆಕಾಶ ಬಿಟ್ಟಿದೆಯಾ?”

“ಹಾಳಾಗಿ ಹೋಗ್ಲಿ ಆಕಾಶ!”

“ಬಿಟ್ಟಿದೆಯಾ ಅಂತ ಕೇಳ್ದೆ.”

ಕಿಟಕಿಯಾಚೆ ಮೋಡ ಹರಿದು ಬೇಟೆಗಾರನ ಭುಜ ಹೊಳೆಯುತ್ತಿತ್ತು. ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಬಿಡ್ತಿದೆ,” ಎಂದಳು.

“ಹೋಗು ಮತ್ತೆ. ತಗೊಂಡು ಬಾ. ನಾಳೆ ಬೆಳಿಗ್ಗೆ ನೀನು ಕರೆದಲ್ಲಿಗೆ ಬರ್ತೀನಿ.”

ಅವಳು ಅವರನ್ನು ಮಲಗಿಸಿ, ತಲೆಯ ಎರಡೂ ಪಕ್ಕ ದಿಂಬು ಒತ್ತರಿಸಿ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಮೇಲೆ ಬಂದರೆ ಆಕಾಶ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು. ನೀಹಾರಿಕೆ ನೀರಿನ ತೊಟ್ಟಿಗಿಂತ ಒಂದು ಗೇಣು ಮೇಲಿತ್ತು. ಕತ್ತಲೆ ಪಟಗಳು ಮುಗಿದು ಕ್ಯಾಮೆರಾ ಸುಮ್ಮನಾಗಿತ್ತು. ಅವಳು ಮತ್ತೆ ಗುಂಡಿ ಅದುಮಿದಳು. ಟಿಕ್ ಎಂದು ತೆರೆದು, ಬೆಳಕು ಕುಡಿದು, ಟಿಕ್ ಎಂದು ಮುಚ್ಚುವ ಸದ್ದು ಶುರುವಾಯಿತು. ಅವಳು ಕೊಳವೆ ಅಲ್ಲಾಡೀತೆಂದು ಒಂದು ಹೆಜ್ಜೆಯನ್ನೂ ಇಡದೆ, ಕೆಮ್ಮು ಬಂದರೆ ಸೆರಗು ಬಾಯಿಗೊತ್ತಿ, ನೀಹಾರಿಕೆ ತೊಟ್ಟಿಯ ಹಿಂದೆ ಇಳಿಯುವವರೆಗೂ ನಿಂತೇ ಇದ್ದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದ ಮೇಲೆ ನಗು ಬಂದಿತ್ತು. ನಾಳೆ ಬೆಳಿಗ್ಗೆ ಆಸ್ಪತ್ರೆ. ಮುಗಿಯಿತು, ಗೆದ್ದೆ, ಅಂದುಕೊಂಡಳು.

ಇನ್ನು ಮುಚ್ಚಿಟ್ಟು ಹೋಗೋಣವೆಂದು ಮುಚ್ಚಳಕ್ಕೆ ಕೈ ಚಾಚಿದಳು. ಸ್ಟೂಲಿನ ಮೇಲೆ ಇರಲಿಲ್ಲ. ನೆಲದ ಮೇಲೆ ತಡಕಾಡಿದಳು. ಕಟ್ಟೆಯ ಮೇಲೆ, ಬಕೆಟ್ಟಿನ ಹಿಂದೆ, ಒಣಹಾಕಿದ ಬಟ್ಟೆಗಳ ಕೆಳಗೆ ಹುಡುಕಿದಳು. ಮಂಡಿಯೂರಿ ಮಹಡಿಯನ್ನೆಲ್ಲ ಅಂಗೈಯಿಂದ ಸವರಿದಳು. ಎಲ್ಲಿಟ್ಟೆ ಅಂತ ಯೋಚಿಸುತ್ತ ಎದ್ದು ನಿಲ್ಲಲು ಕೊಳವೆ ಹಿಡಿದುಕೊಂಡಾಗ ಕೈ ಅದರ ಬಾಯಿಗೆ ತಗುಲಿತು. ತಣ್ಣಗಿತ್ತು. ಗುಂಡಗಿತ್ತು. ಮುಚ್ಚಳ ತಾನು ಒತ್ತಿದ ಕಡೆಯೇ ಗಟ್ಟಿಯಾಗಿ ಕೂತಿತ್ತು.

ಅವಳು ಅಲ್ಲೇ ಕುಸಿದು ಕೂತಳು. ಇಷ್ಟು ಹೊತ್ತು ಉಸಿರು ಹಿಡಿದು ತೆಗೆದದ್ದೆಲ್ಲ ಪಾತ್ರೆ ಮುಚ್ಚಳದ ಒಳಮೈ. ಮನೆಯಲ್ಲಿ ಸಾವಿರ ಸಲ ಕೇಳಿ ಕೇಳಿ ಕಿವಿ ತೂತಾದ ಪ್ರಶ್ನೆಯನ್ನು ಇವತ್ತೊಂದು ಸಂಜೆ ಕೇಳುವವರು ಮೇಲಿರಲಿಲ್ಲ. ಪಡುವಣದಲ್ಲಿ ನೀರಿನ ತೊಟ್ಟಿ ಕಪ್ಪಗೆ ನಿಂತಿತ್ತು. ಅವಳು ಅದನ್ನು ಬಾಯಿಗೆ ಬಂದಂತೆ ಬೈದಳು. ಆಮೇಲೆ ತನ್ನನ್ನೇ ಬೈದುಕೊಂಡಳು.

ಕೆಳಗೆ ಬಂದಾಗ ಮಾವ ದಿಂಬುಗಳ ನಡುವೆ ಅಲ್ಲಾಡದೆ ಮಲಗಿದ್ದರು. ಧ್ವನಿಯಲ್ಲಿ ಮಾತ್ರ ತುಂಟತನ. “ಏನಮ್ಮಾ, ಮುಚ್ಚಳ ತೆಗೆದೆಯಾ?”

“ತೆಗೆದೆ ಮಾವ,” ಎಂದಳು.

ಆ ಹೊತ್ತಿನಲ್ಲೇ ನಿಜ ಹೇಳಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು. ಅವಳಿಗೆ ಅನ್ನಿಸಿದ್ದು ಇಷ್ಟೇ: ನಿಜ ಹೇಳಿದರೆ ಮುದುಕ ನಾಳೆ ಹೊರಡುವುದಿಲ್ಲ. “ಪಟ ಕೂಡಿಸೋಕೆ ಒಂದು ದಿನ ಬೇಕು ಮಾವ, ನೀವು ಬೆಳಿಗ್ಗೆ ಆಸ್ಪತ್ರೆಗೆ ನಡೀರಿ, ಅಲ್ಲಿಗೇ ತರ್ತೀನಿ,” ಎಂದು ಗೋಗರೆದಳು. ಅವರು ಒಪ್ಪಲಿಲ್ಲ. “ಕಣ್ಣಾರೆ ನೋಡಿಯೇ ಹೊರಡೋದು. ಒಂದು ದಿನ ತಾನೇ?” ಎಂದರು. ಅವಳಿಗೂ ಒಳಗೊಳಗೆ ಒಂದು ಆಸೆ ಇತ್ತು, ನಾಳೆ ಸಂಜೆ ಆಕಾಶ ಬಿಟ್ಟರೆ ಬಿಟ್ಟದ್ದನ್ನು ಹಿಡಿದೇನು ಎಂದು. ಮರುದಿನ ಬೆಳಗಿನಿಂದಲೇ ಆಕಾಶ ಕಂಬಳಿ ಹೊದ್ದು ಮಲಗಿತು. ಮಾವ ಊಟದ ತಟ್ಟೆಯ ಪಕ್ಕ ಲೋಟ ಎಲ್ಲಿದೆಯೆಂದು ಬೆರಳಿನಿಂದ ಹುಡುಕುವುದನ್ನು ಅವಳು ನೋಡಿದಳು.

ಅದರಾಚೆಯ ದಿನ ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಎದ್ದಾಗ ಅವಳು ಬಾಗಿಲು ಹಾಕಿಕೊಂಡಳು. ಇಂಟರ್ನೆಟ್ಟಿನಲ್ಲಿ ಅದೇ ನೀಹಾರಿಕೆಯ ಪಟಗಳು ರಾಶಿ ರಾಶಿ ಇದ್ದವು. ಯಾರೋ, ಯಾವ ದೇಶದಲ್ಲೋ, ತಮ್ಮ ಮಹಡಿಯ ಮೇಲೆ ನಿಂತು ಮುಚ್ಚಳ ತೆಗೆದು ಹಿಡಿದವು. ಒಂದನ್ನು ಆರಿಸಿಕೊಂಡಳು. ಅದು ತುಂಬಾ ಚೆನ್ನಾಗಿತ್ತು, ಅದೇ ತೊಂದರೆ. ಮದುಮಗಳನ್ನು ಚೆಂದ ಮಾಡುವ ಕೈಯಿಂದ ಅದನ್ನು ಹಾಳುಮಾಡುತ್ತ ಕೂತಳು. ಚೂಪು ಇಳಿಸಿದಳು, ಕಾಳು ಕಾಳು ಮಾಡಿದಳು, ಒಂದು ಮೂಲೆಯನ್ನು ಮಂಕಾಗಿಸಿದಳು. ಕೆಂಪನ್ನು ಮಾತ್ರ ಮುಟ್ಟಲಿಲ್ಲ. ಯಂತ್ರದಿಂದ ಪಟ ಬೆಚ್ಚಗೆ ಹೊರಬಂದಾಗ ಅದರ ಮುಖ ನೋಡದೆ ಲಕೋಟೆಗೆ ತುರುಕಿದಳು.

ಮಾವ ಮೇಜಿನ ದೀಪದ ಕೆಳಗೆ ಪಟವನ್ನಿಟ್ಟುಕೊಂಡು, ಭೂತಗನ್ನಡಿ ಹಿಡಿದು, ಮೂಗು ತಾಗುವಷ್ಟು ಬಗ್ಗಿದರು. ಪರದೆಯ ಕೆಳಗೆ ಉಳಿದಿದ್ದ ಸಂದಿಯಲ್ಲಿ ಒಂದೊಂದೇ ಚೂರು ನೋಡುತ್ತ ಹೋದರು. ನಡುವಿನ ಕೆಂಪು ನೋಡಿದರು, ರೆಕ್ಕೆಯಂಥ ಅಂಚು ನೋಡಿದರು, ದೊಡ್ಡ ನಕ್ಷತ್ರದ ಮೇಲೆ ಬಂದು ಬಹಳ ಹೊತ್ತು ನಿಂತರು. ಸೊಸೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಇಷ್ಟು ಕೆಂಪಾ?” ಎಂದರು ಮಾವ. ಭೂತಗನ್ನಡಿ ಕೆಳಗಿಟ್ಟರು. “ಸರಿ. ನಿನ್ನ ಗಂಡನಿಗೆ ಫೋನ್ ಮಾಡು. ಹೋಗೋಣ.”

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು, ಹಿಂದಕ್ಕೆ ಸರಿದು ಕೂತರು. “ನಡುಭಾಗಕ್ಕೂ ಬಂದಿದೆ. ಎರಡು ದಿನ ಮೊದಲು ಬರೋಕೆ ನಿಮಗೇನಾಗಿತ್ತು?” ಎಂದು ಮಗನನ್ನು ಕೇಳಿದರು. ಅವನು ಹೆಂಡತಿಯ ಮುಖ ನೋಡಿದ. ಎರಡು ದಿನ ಎಲ್ಲಿ ಹೋದವೆಂದು ಅವಳಿಗೆ ಮಾತ್ರ ಗೊತ್ತಿತ್ತು. ಅವಳು ನೆಲ ನೋಡಿದಳು.

ಆಪರೇಷನ್ ಕೋಣೆಯ ಹೊರಗೆ, ಗಾಲಿಮಂಚದ ಮೇಲೆ ಹಸಿರು ಟೋಪಿ ಹಾಕಿಸಿಕೊಂಡು ಮಲಗಿದ್ದ ಮಾವ ಅವಳನ್ನು ಹತ್ತಿರ ಕರೆದರು. ಗಂಡ ಔಷಧಿ ತರಲು ಹೋಗಿದ್ದ.

“ಆ ಪಟ ಯಾರ್ದು?”

ಗಂಡ ಬರುತ್ತಿದ್ದಾನೆಯೇ ಎಂದು ಅವಳು ಹಿಂತಿರುಗಿ ನೋಡಿದಳು.

“ನಕ್ಷತ್ರಕ್ಕೆ ನಾಲ್ಕು ಕಿರಣ ಇತ್ತು ಕಣೇ. ಪುಟ್ಟ ಕನ್ನಡಿ ಹಿಡಿದಿರೋ ಕಡ್ಡಿ ಎಷ್ಟೋ ಅದರ ಮೇಲೆ ಕಿರಣ. ನಾಲ್ಕಿದ್ರೆ ಎದುರುಬದುರಿನವು ಒಂದರ ಮೇಲೊಂದು ಬಿದ್ದು ನಾಲ್ಕೇ. ನಂದು ಮೂರು ಕಡ್ಡಿ, ಒಂದೊಂದಕ್ಕೂ ಎರಡರಂತೆ ಆರು ಕಿರಣ ಬರ್ಬೇಕು. ಅದ್ರಲ್ಲಿ ಒಂದು ಸೀಳಿರ್ಬೇಕು, ಆ ಸೊಟ್ಟ ಕಡ್ಡೀದು. ಅದಕ್ಕೇ ನೆಟ್ಟಗೆ ಮಾಡೋಕೆ ಬಿಡ್ಲಿಲ್ಲ. ಅದು ನನ್ನ ಗುರುತು.”

ಅವಳು ಗಾಲಿಮಂಚದ ಕಂಬಿ ಹಿಡಿದುಕೊಂಡು ಅತ್ತಳು. ಎಲ್ಲವನ್ನೂ ಹೇಳಿದಳು, ಮೋಡ, ಕತ್ತಲೆ ಪಟ, ಅವರ ಕೂಗು, ನೆಲವೆಲ್ಲ ತಡಕಾಡಿದ್ದು. ಮುಚ್ಚಳ ಎಂದದ್ದೇ ತಡ ಮಾವನಿಗೆ ನಗು ಉಕ್ಕಿತು. ಹೊಟ್ಟೆ ಕುಣಿಯುವ ಹಾಗೆ ನಕ್ಕರು. “ತಲೆ ಅಲ್ಲಾಡಿಸ್ಬೇಡಿ ಅಜ್ಜಾ!” ಎಂದು ನರ್ಸ್ ದೂರದಿಂದಲೇ ಗದರಿದಳು.

“ಗೊತ್ತಿದ್ದೂ ಯಾಕೆ ಹೊರಟ್ರಿ ಮಾವ?”

ಮಾವನ ನಗು ನಿಂತಿತು. ಅವರು ಅವಳ ಕೈಯನ್ನು ತಡಕಿ ಹಿಡಿದುಕೊಂಡರು. “ಪಟ ಪಟ ಅಂತ ಕುಣಿದಿದ್ದು ಪಟಕ್ಕಲ್ಲ ಕಣಮ್ಮ. ಹೆದರಿಕೆ. ಈ ವಯಸ್ಸಲ್ಲಿ ಹೆದರಿಕೆ ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ. ಒಂದು ಕಣ್ಣು ಹೋದಾಗ ಏನಾಗುತ್ತೆ ಅಂತ ನಂಗೊತ್ತಲ್ಲ. ಅವತ್ತು ದೀಪದ ಕೆಳಗೆ ನೋಡಿದ್ರೆ ನೀನು ನನಗಿಂತ ಹೆಚ್ಚು ಹೆದರಿದ್ದೆ. ಇಬ್ರೂ ಹೆದರ್ಕೊಂಡು ಕೂತ್ರೆ ಮನೆ ನಡಿಯುತ್ತಾ?”

“ನಾನು ಆವತ್ತೇ ನಿಜ ಹೇಳಿದ್ರೆ…”

“ಆವತ್ತೇ ಬರ್ತಿದ್ನೋ ಇಲ್ವೋ, ಯಾರಿಗ್ಗೊತ್ತು. ಬಿಡು. ತಪ್ಪು ನಂದೂ ಇದೆ. ಮೇಲೆ ನಾನಿದ್ದಿದ್ರೆ ಕೇಳ್ತಿದ್ದೆ.”

ಬಾಗಿಲು ತೆರೆದು ಗಾಲಿಮಂಚವನ್ನು ಒಳಗೆ ತಳ್ಳಿಕೊಂಡು ಹೋದರು.

ಆಪರೇಷನ್ ಆದ ಮೇಲೆ ಬೋರಲು ಮಲಗಿಸಿದರು. ಕಣ್ಣೊಳಗೆ ತುಂಬಿದ ಗಾಳಿಗುಳ್ಳೆ ಪದರವನ್ನು ಗೋಡೆಗೆ ಒತ್ತಬೇಕಾದರೆ ಮುಖ ನೆಲದ ಕಡೆಗೇ ಇರಬೇಕಂತೆ. “ಜನ್ಮವಿಡೀ ಮೇಲೆ ನೋಡಿದ್ದಕ್ಕೆ ಈಗ ದಂಡ,” ಎಂದು ಮಾವ ದಿಂಬಿನೊಳಗಿಂದ ಗೊಣಗಿದರು. ಸೊಸೆ ರಾತ್ರಿಯಿಡೀ ಮಂಚದ ಪಕ್ಕ ಕೂತಿದ್ದಳು. ಇದೊಂದು ಕಣ್ಣು ಬರಲಿ, ಮುಂದಿನ ಚಳಿಗಾಲ ಒಂದು ಸಂಜೆಯನ್ನೂ ಬಿಡದೆ ಮಹಡಿಯ ಮೇಲೆ ನಿಲ್ಲುತ್ತೇನೆ ಎಂದು ಯಾರಿಗೆ ಅಂತಿಲ್ಲದೆ ಮಾತು ಕೊಟ್ಟಳು.

ಬೆಳಿಗ್ಗೆ ಡಾಕ್ಟರಮ್ಮ ಬಂದರು. ಮಾವನನ್ನು ಎಬ್ಬಿಸಿ ಕೂರಿಸಿದರು. “ಗಾಳಿಗುಳ್ಳೆ ಇರೋವರೆಗೂ ಏನೂ ಸ್ಪಷ್ಟ ಕಾಣಲ್ಲ. ಆದ್ರೆ ಬೆಳಕು ಗೊತ್ತಾಗ್ಬೇಕು, ಕೈ ಆಡಿಸಿದ್ರೆ ಗೊತ್ತಾಗ್ಬೇಕು,” ಎಂದು ಮಗ ಸೊಸೆ ಇಬ್ಬರಿಗೂ ಮೊದಲೇ ಹೇಳಿದರು. ನರ್ಸ್ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದಳು. ಬಿಸಿಲು ಹಾಸಿಗೆಯ ಮೇಲೆಲ್ಲ ಬಿತ್ತು. ಡಾಕ್ಟರಮ್ಮ ಅಂಟುಪಟ್ಟಿಯನ್ನು ಮೆಲ್ಲಗೆ ಸುಲಿದು, ಹತ್ತಿಯ ಮೆತ್ತೆಯನ್ನು ಎತ್ತಿ, ಒದ್ದೆ ಬಟ್ಟೆಯಿಂದ ರೆಪ್ಪೆ ಒರೆಸಿದರು. ಮಾವ ಕಣ್ಣು ತೆರೆದರು. ಕೆಂಪಗೆ ಊದಿದ ಕಣ್ಣು ನೆಟ್ಟಗೆ ಬಿಸಿಲಿಗೆ ತಿರುಗಿತ್ತು. ಡಾಕ್ಟರಮ್ಮ ಟಾರ್ಚ್ ಹಚ್ಚಿ ಹತ್ತಿರ ತಂದರು, ದೂರ ಒಯ್ದರು, ಮತ್ತೆ ಹತ್ತಿರ ತಂದರು. ಮಾವನ ಮುಖದ ಮುಂದೆ ಅಂಗೈ ಆಡಿಸಿದರು. ಆಡಿಸುತ್ತಲೇ ಇದ್ದರು. ಮಗ ಗೋಡೆಗೆ ಒರಗಿದ.

ಮಾವ ತಾಳ್ಮೆಯಿಂದ ಕಾಯುತ್ತ ಕೂತಿದ್ದರು. ಆಮೇಲೆ ಸೊಸೆಯ ಉಸಿರಿನ ಸದ್ದು ಬಂದ ಕಡೆಗೆ ಮುಖ ತಿರುಗಿಸಿದರು.

“ಮಗಳೇ,” ಎಂದರು. “ಮುಚ್ಚಳ ತೆಗೆದ್ರಾ?”

ಅವಳು ಅವರ ಎರಡೂ ಕೈ ಹಿಡಿದುಕೊಂಡಳು.

“ತೆಗೆದ್ರು ಮಾವ,” ಎಂದಳು.